ದೊಡ್ಡಿಯಲ್ಲಿ ಕಟ್ಟಿದ ಕಡಲು

ಮುರುಂಡಿ ಬಂದರಿನ ದೊರೆ ಸಂಗಿರಾಯನ ಓಲಗಕ್ಕೆ ಒಂದು ದಿನ ಇಬ್ಬರು ಕಪ್ತಾನರು ಬಂದರು. ಒಬ್ಬ ಇಂಗ್ಲಿಷ್ ಹಡಗಿನ ಬಾರ್ಲೋ, ಇನ್ನೊಬ್ಬ ಡಚ್ ಹಡಗಿನ ಕ್ಲಾಸ್. ಇಬ್ಬರಿಗೂ ಬೇಕಾದದ್ದು ಮುರುಂಡಿಯ ಕರಿಮೆಣಸು. ಒಬ್ಬನ ಮುಖ ಕಂಡರೆ ಇನ್ನೊಬ್ಬನಿಗೆ ಆಗದು. ಇಬ್ಬರ ಮಾತೂ ಬಲ್ಲ ದುಬಾಷಿ ಊರಲ್ಲಿ ಇದ್ದದ್ದು ಒಬ್ಬನೇ. ಪಾಪ, ಎಡಕ್ಕೆ ತಿರುಗಿ ಬೈದು, ಬಲಕ್ಕೆ ತಿರುಗಿ ತಾನೇ ಬೈಸಿಕೊಂಡು ಸುಸ್ತಾಗಿದ್ದ.

"ಈ ಬಂದರಿನ ಮುಂದಿನ ಕಡಲೆಲ್ಲ ನಮ್ಮದು," ಎಂದ ಬಾರ್ಲೋ.

"ನಮ್ಮ ಹಡಗು ಮೊದಲು ಬಂದದ್ದು. ಕಡಲು ನಮ್ಮದು," ಎಂದ ಕ್ಲಾಸ್.

"ಯಾರದೆಂದು ದೊರೆ ನಾಳೆಯೊಳಗೆ ಡಂಗುರ ಹೊಡೆಸಬೇಕು. ನಮ್ಮದಲ್ಲ ಎಂದರೆ ಊರಿಗೇ ಗುಂಡು ಹಾರಿಸುತ್ತೇವೆ," ಎಂದು ಇಬ್ಬರೂ ಹೇಳಿದರು. ಈ ಒಂದು ಮಾತಿನಲ್ಲಿ ಮಾತ್ರ ಅವರಿಗೆ ಒಮ್ಮತವಿತ್ತು.

ದೊರೆ ಬೆವರಿದ. ಅರಮನೆಯಲ್ಲಿ ಇದ್ದದ್ದು ಒಂದೇ ಫಿರಂಗಿ. ಅದರ ಬಾಯೊಳಗೆ ಕೋಳಿ ಕಾವಿಗೆ ಕೂತಿತ್ತು.

ಅಷ್ಟರಲ್ಲಿ ಮೀನು ಮಾರುವ ತುಂಗಕ್ಕ ಖಾಲಿ ಬುಟ್ಟಿ ಹಿಡಿದು ಒಳಗೆ ನುಗ್ಗಿದಳು. "ಒಡೆಯಾ, ಇವ್ರು ದೋಣಿ ಇಳ್ಸೂಕೆ ಬಿಡೂದಿಲ್ಲ. ಕಡ್ಲು ತಮ್ದಂತೆ. ನನ್ನ ಗಂಡ ಮನೇಲಿ ಕೂತು ನನ್ನ ಅಡಿಗೆಗೆ ಹೆಸ್ರಿಡ್ತಾ ಇದ್ದಾನೆ. ಮಕ್ಳಿಗೆ ಬರೀ ಗಂಜಿ. ಸಾಲದ್ದಕ್ಕೆ ಅಮಾಸೆ ಉಬ್ಬರದಲ್ಲಿ ಉಪ್ಪುನೀರು ಗದ್ದೆಗೆ ನುಗ್ಗಿ ಸಸಿಯೆಲ್ಲ ಹೋಯ್ತು."

ದೊರೆಯ ಪಕ್ಕದಲ್ಲಿ ಅರಮನೆಯ ಸಲಹೆಗಾರ ಪದುಮಣ್ಣ ತೂಕಡಿಸುತ್ತಿದ್ದ. ಓಲಗದಲ್ಲಿ ಸಂಬಳ ತೆಗೆದುಕೊಂಡು ತೂಕಡಿಸುವವರು ಬಹಳ ಮಂದಿ, ಆದರೆ ಬೇಕಾದಾಗ ಎಚ್ಚರಗೊಳ್ಳುವವನು ಇವನೊಬ್ಬನೇ. ಗದ್ದೆ ಎಂದದ್ದೇ ಅವನು ಕಣ್ಣು ಬಿಟ್ಟ.

"ಸ್ವಾಮಿ, ಕಡಲು ಪೂರ್ತಿ ನಿಮ್ಮದೇ? ನೊರೆ ಸಹಿತ?" ಎಂದು ಬಾರ್ಲೋನನ್ನು ಕೇಳಿದ.

"ನೊರೆ ಸಹಿತ."

"ನೊರೆ, ಮೀನು, ಏಡಿ, ಎಲ್ಲ ನಮ್ಮದು," ಎಂದ ಕ್ಲಾಸ್.

"ಉಬ್ಬರ, ಇಳಿತ?"

"ಅದೂ ನಮ್ಮದು," ಎಂದು ಇಬ್ಬರೂ ಎದೆ ತಟ್ಟಿಕೊಂಡರು. ಓಲಗವೆಲ್ಲ ಕೇಳಿತು.

"ಸಂತೋಷ. ನಾಳೆ ಬೆಳಿಗ್ಗೆ ಊರ ದೊಡ್ಡಿಗೆ ಬನ್ನಿ. ಅಲ್ಲೇ ತೀರ್ಮಾನ," ಎಂದ ಪದುಮಣ್ಣ.

ದೊಡ್ಡಿ ಎಂದರೆ ಬೇಲಿ ಹಾರಿ ಕಂಡವರ ಬೆಳೆ ಮೇಯುವ ದನಗಳನ್ನು ಕೂಡಿಹಾಕುವ ಜಾಗ. ಕಪ್ತಾನರು ಜರಿಯ ಅಂಗಿ ತೊಟ್ಟು, ಸೆಗಣಿ ತುಳಿಯದಂತೆ ಕಾಲೆತ್ತಿಡುತ್ತ ಬಂದರು. ದೊರೆ, ಪದುಮಣ್ಣ, ತುಂಗಕ್ಕ ಆಗಲೇ ಅಲ್ಲಿದ್ದರು. ಒಂದು ಗೂಟಕ್ಕೆ ತುಡುಗು ಎಮ್ಮೆ ಕಟ್ಟಿತ್ತು. ಪಕ್ಕದ ಗೂಟಕ್ಕೆ ಹಗ್ಗ ಬಿಗಿದ ಒಂದು ಕೊಡಪಾನ, ಅದರ ತುಂಬ ನೀರು. ಅದರ ಮುಂದೆಯೂ ಒಂದು ಹಿಡಿ ಹುಲ್ಲು ಹಾಕಿದ್ದರು.

"ಇದೇನು?" ಎಂದ ಬಾರ್ಲೋ.

"ನಿಮ್ಮ ಕಡಲು. ತುಂಗಕ್ಕನ ಗದ್ದೆಗೆ ನುಗ್ಗಿತ್ತಲ್ಲ, ಸಿಕ್ಕಷ್ಟನ್ನು ಹಿಡಿದು ಕಟ್ಟಿದ್ದೇವೆ. ಉಳಿದದ್ದು ಓಡಿಹೋಯಿತು."

ದುಬಾಷಿ ಇದನ್ನು ಎರಡೆರಡು ಸಲ ಹೇಳಬೇಕಾಯಿತು.

ಪದುಮಣ್ಣ ಮುಂದುವರಿಸಿದ. "ನಮ್ಮೂರ ಕಟ್ಟಳೆ ಹೀಗೆ. ಗದ್ದೆಗೆ ನುಗ್ಗಿದ ದನದ ಒಡೆಯ ಕೊಯ್ಲಿನ ತನಕ ಬದುವಿನ ಮೇಲೆ ಕೋಲು ಹಿಡಿದು ನಿಂತು ಅದನ್ನು ಓಡಿಸಬೇಕು. ಹಿಂದೆ ಅರಮನೆ ಆನೆ ನುಗ್ಗಿದಾಗ ದೊರೆಗಳೇ ನಿಂತಿದ್ದರು."

"ಸೊಳ್ಳೆ ಬಹಳ ಅಲ್ಲಿ," ಎಂದ ದೊರೆ.

"ತಪ್ಪಿಸಿಕೊಂಡವನಿಗೆ ಈ ಊರಲ್ಲಿ ಯಾರೂ ಮೆಣಸು ತೂಗುವುದಿಲ್ಲ. ಕುಡಿಯುವ ನೀರೂ ಹಾಕುವುದಿಲ್ಲ."

ತುಂಗಕ್ಕ ಕೋಲನ್ನು ಬಾರ್ಲೋನ ಕೈಗೆ ತುರುಕಿದಳು. "ಹೋಯ್ ಹೋಯ್ ಅಂದ್ಕೊಂಡು ಓಡ್ಸಿ. ದಿನಕ್ಕೆ ಎರಡು ಸಲ ಬರ್ತದೆ."

ಬಾರ್ಲೋ ಕೊಡಪಾನ ನೋಡಿದ, ಎಮ್ಮೆ ನೋಡಿದ. ಎಮ್ಮೆ ಅವನ ಜರಿಯ ತೋಳನ್ನು ನೆಕ್ಕಿತು. "ಕಡಲು ನಮ್ಮದಲ್ಲ, ಡಚ್ಚರದು," ಎಂದು ಕೋಲನ್ನು ಕ್ಲಾಸನ ಕೈಗೆ ದಾಟಿಸಿದ.

"ಛೆ, ಇಂಗ್ಲಿಷರದೇ. ಅವರು ನಿನ್ನೆ ಮೊದಲು ಹೇಳಿದರು," ಎಂದು ಕ್ಲಾಸ್ ಹಿಂದಕ್ಕೆ ಕೊಟ್ಟ.

ಕೋಲು ಅತ್ತಿಂದಿತ್ತ ಓಡಾಡಿತು. ನಡುವೆ ನಿಂತ ದುಬಾಷಿಯ ತಲೆಗೂ ಒಮ್ಮೆ ತಗುಲಿತು. ಕೊನೆಗೆ ಇಬ್ಬರೂ ಅದನ್ನು ನೆಲಕ್ಕೆ ಹಾಕಿ, "ನಮ್ಮಿಬ್ಬರದೂ ಅಲ್ಲ," ಎಂದರು.

"ವಾರಸುದಾರರಿಲ್ಲದ ದನ ಅರಮನೆಯದು. ಕಡಲು ಇನ್ನು ದೊರೆಯದು. ತುಂಗಕ್ಕ, ನಿನ್ನ ಗಂಡನಿಗೆ ದೋಣಿ ಇಳಿಸಲು ಹೇಳು," ಎಂದ ಪದುಮಣ್ಣ.

ಕ್ಲಾಸ್ ದಡ್ಡನಲ್ಲ. "ಹಾಗಾದರೆ ಕೋಲು ದೊರೆ ಹಿಡಿಯಬೇಕಲ್ಲ?" ಎಂದ.

ತುಂಗಕ್ಕ ಕೋಲು ಎತ್ತಿ ದೊರೆಯ ಕಡೆ ತಿರುಗಿಯೇಬಿಟ್ಟಳು. ದೊರೆ ಪದುಮಣ್ಣನ ಹಿಂದೆ ಸರಿದ.

"ಹಿಡಿಯಬೇಕು, ನಿಜ," ಎಂದ ಪದುಮಣ್ಣ. "ಆದರೆ ಅರಮನೆಯ ಎತ್ತನ್ನು ದುಡಿಸಿಕೊಳ್ಳುವ ಪರವೂರವನು ಅದು ನುಗ್ಗದಂತೆ ಬೇಲಿ ಕಟ್ಟಿಕೊಡಬೇಕು. ಅದೂ ಕಟ್ಟಳೆಯೇ. ನಿಮ್ಮ ಹಡಗುಗಳನ್ನು ಬೆನ್ನ ಮೇಲೆ ಹೊತ್ತು ನಿಂತಿರುವುದು ಇದೇ ಎತ್ತು. ಗದ್ದೆಗೆ ಒಂದು ಕಟ್ಟೆ ಹಾಕಿಕೊಡಿ."

ಕ್ಲಾಸನ ಮುಖ ಕೆಂಪಾಯಿತು. ಬಾರ್ಲೋನದು ಇನ್ನೂ ಕೆಂಪಾಯಿತು. ಕಡಲು ತಮ್ಮದಲ್ಲ ಎಂದು ತಾವೇ ಹೇಳಿದ ಮೇಲೆ ಗುಂಡು ಹಾರಿಸಲು ನೆಪವೂ ಉಳಿದಿರಲಿಲ್ಲ. ಇಬ್ಬರೂ ಮೊದಲ ಬಾರಿಗೆ ಹೆಗಲಿಗೆ ಹೆಗಲು ಕೊಟ್ಟು ನಿಂತರು.

"ನಿಮ್ಮ ಕಟ್ಟೆಯೂ ಬೇಡ, ಮೆಣಸೂ ಬೇಡ. ಈಗಲೇ ಹೊರಟೆವು," ಎಂದು ದುಬಾಷಿಯ ಬಾಯಲ್ಲಿ ಹೇಳಿಸಿದರು.

ಪದುಮಣ್ಣ ಬಗ್ಗಿ ಕೈಮುಗಿದ. "ಸುಖವಾಗಿ ಹೋಗಿಬನ್ನಿ. ದೊರೆಯ ಕಡಲನ್ನು ಮಾತ್ರ ಮುಟ್ಟದೆ ಹೋಗಿ."