‘ಕೇಳಿ’ ಎಂದು ಬರೆದವಳು

“ಅಜ್ಜಾರೇ, ಗ್ರಂಥಾಲಯದ ವಾಟ್ಸಾಪ್ ಗ್ರೂಪಿನಲ್ಲಿ ಮಾತನಾಡುವ ಹಕ್ಕು ಯಾರಿಗಿರಬೇಕು?” ಎಂದು ಮಠದ ಗುರುಗಳನ್ನು ನಿಜಗುಣ ಕೇಳಿದ.

ನಿಜಗುಣ ಆ ಮಠದ ಶಾಲೆಯಲ್ಲಿ ಗ್ರಂಥಾಲಯ ನೋಡಿಕೊಳ್ಳುವವನು. ಮಕ್ಕಳಿಗೆಂದು ಹೊಸದಾಗಿ ಗ್ರೂಪ್ ಮಾಡಿ ತಲೆ ಚಿಟ್ಟು ಹಿಡಿಸಿಕೊಂಡಿದ್ದ. ಪುಸ್ತಕದ ವಿಷಯ ಕಳಿಸಿದರೆ ಮಕ್ಕಳು ಏನೇನೋ ಕೇಳುತ್ತಿದ್ದರು. ಅವರ ಮನೆಯವರೂ ನಡುವೆ ಬಾಯಿ ಹಾಕುತ್ತಿದ್ದರು. ಕೊನೆಗೆ ಬೇಸತ್ತು, ಅಡ್ಮಿನ್ ಆದ ತಾನೊಬ್ಬನೇ ಮಾತನಾಡುವಂತೆ ಮಾಡಿಟ್ಟಿದ್ದ. ಮಾಡಿದ್ದು ಸರಿ ಎಂಬ ಮಾತು ಗುರುಗಳ ಬಾಯಿಂದ ಬರಲಿ ಎಂಬುದು ಅವನ ಆಸೆ.

ಗುರುಗಳು ನಕ್ಕರು. “ಹಕ್ಕಿನ ವಿಚಾರ ನನಗೆ ತಿಳಿಯದು. ಒಂದು ಕತೆ ಗೊತ್ತು, ಕೂತುಕೋ,” ಎಂದು ಶುರುಮಾಡಿದರು.

ಒಂದು ಊರಿನ ಶಾಲೆಯಲ್ಲಿ ಒಬ್ಬ ಗ್ರಂಥಪಾಲಕಿ ಇದ್ದಳು. ಪುಸ್ತಕವೆಂದರೆ ಅವಳಿಗೆ ಪ್ರಾಣ. ಆ ಊರಿನ ಎಷ್ಟೋ ಮಂದಿ ದೀಪಾವಳಿ ಮುಗಿದೊಡನೆ ಮಕ್ಕಳು ಮರಿ ಕಟ್ಟಿಕೊಂಡು ಕಬ್ಬು ಕಡಿಯಲು ಬೇರೆ ಸೀಮೆಗೆ ಹೋಗುತ್ತಿದ್ದರು. ಹಾಗೆ ಹೋದ ಮಕ್ಕಳಲ್ಲಿ ಕೆಲವರು ಶಾಲೆಗೆ ಮರಳುತ್ತಿದ್ದರು, ಕೆಲವರು ಇಲ್ಲ. ಜೊತೆಗೆ ಪುಸ್ತಕ ಕೊಟ್ಟು ಕಳಿಸೋಣವೆಂದರೆ, ಅದು ಒಲೆಗೆ ಹೋಗುತ್ತದೆ ಎಂದು ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ದಿನಾ ಸಂಜೆ ಕತೆಯನ್ನು ಒಂದಿಷ್ಟು ಓದಿ, ಆ ದನಿಯನ್ನು ಗ್ರೂಪಿಗೆ ಕಳಿಸತೊಡಗಿದಳು. ಕೆಳಗೆ ಇಷ್ಟೇ ಬರೆಯುತ್ತಿದ್ದಳು: ‘ಎಲ್ಲರೂ ಕೇಳಿ.’

ಕಬ್ಬಿಗೆ ಹೋದವರಲ್ಲಿ ಒಬ್ಬಳು ಹುಡುಗಿ. ತರಗತಿಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. ಹೆಸರು ಕೇಳಿದರೂ ನೆಲ ನೋಡುವವಳು. ಆದರೆ ಗಂಟೆ ಹೊಡೆದ ಮೇಲೂ ಗ್ರಂಥಾಲಯದಿಂದ ಎಬ್ಬಿಸಿ ಕಳಿಸಬೇಕಾಗುತ್ತಿದ್ದವಳು ಅವಳೊಬ್ಬಳೇ. ‘ಈ ಸಲ ಹೋದರೆ ಆಕೆ ಬರುವುದಿಲ್ಲ ಬಿಡಿ, ಹೆಸರು ತೆಗೆಯಬೇಕಾಗುತ್ತದೆ’ ಎಂದು ಮುಖ್ಯೋಪಾಧ್ಯಾಯರು ಹೇಳಿಬಿಟ್ಟಿದ್ದರು. ಈ ಹುಡುಗಿ ಕೈತಪ್ಪಬಾರದು ಎಂಬುದೊಂದೇ ಗ್ರಂಥಪಾಲಕಿಯ ಚಿಂತೆ. ನಿಜ ಹೇಳಬೇಕೆಂದರೆ, ಅವಳು ದಿನಾ ಓದುತ್ತಿದ್ದುದು ಆ ಒಬ್ಬಳಿಗಾಗಿಯೇ.

ಆಗ ಓದುತ್ತಿದ್ದ ಕತೆಯಲ್ಲಿ, ಒಬ್ಬ ಅಕ್ಕ ಪುಟ್ಟ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ದೋಣಿಯಲ್ಲಿ ತುಂಬಿದ ಹೊಳೆ ದಾಟುತ್ತಿದ್ದಳು. ದೋಣಿ ನಡುನೀರಿಗೆ ಬಂದಲ್ಲಿಗೆ ಗ್ರಂಥಪಾಲಕಿ ಆ ದಿನದ ಓದು ನಿಲ್ಲಿಸಿದಳು. ಮರುದಿನ ಹುಡುಗಿಯ ನಂಬರಿನಿಂದ ಒಂದು ದನಿ ಬಂತು. ಅದು ಹುಡುಗಿಯದಲ್ಲ, ಯಾರೋ ಮುದುಕನದು.

‘ಅಕ್ಕಾರ, ಆ ಹುಡುಗ್ರು ದಂಡಿ ಮುಟ್ಟಿದ್ವೋ ಇಲ್ಲೋ? ಲಗೂನ ಹೇಳ್ರಿ.’

ಹಿಂದೆಯೇ ಒಬ್ಬ ಹೆಂಗಸು, ‘ಅದಿರ್ಲಿ, ಅವ್ರವ್ವ ಎಲ್ಲಿ ಹೋಗಿದ್ಲು?’ ಎಂದಳು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಒಂದೇ ಫೋನಿನಿಂದ ಇಡೀ ಓಣಿಯೇ ಮಾತನಾಡಿದಂತಾಯಿತು.

ಗ್ರಂಥಪಾಲಕಿಗೆ ಸಿಟ್ಟು ಬಂತು. ತಾನು ಕೇಳಿ ಎಂದದ್ದು ಕಿವಿಗೆ, ಇವರು ಅದನ್ನು ಬಾಯಿಗೆ ಹೇಳಿದ್ದು ಎಂದುಕೊಂಡರಲ್ಲ! ತಾಯಿ ಎಲ್ಲಿದ್ದಳೆಂದು ಪುಸ್ತಕದಲ್ಲಿ ಬರೆದಿರಲೂ ಇಲ್ಲ. ಉಳಿದ ಮಕ್ಕಳ ಪೋಷಕರು, ಇವರೆಲ್ಲ ಯಾರು ಎಂದು ತಕರಾರು ತೆಗೆದರು. ಅವಳು ತನ್ನ ಹೊರತು ಯಾರೂ ಮಾತನಾಡದಂತೆ ಮಾಡಿದಳು. ಗ್ರೂಪು ತಣ್ಣಗಾಯಿತು. ಸ್ವಲ್ಪ ದಿನಕ್ಕೇ ಹುಡುಗಿಯ ನಂಬರು ಗ್ರೂಪು ಬಿಟ್ಟು ಹೋಯಿತು.

ಕೈಯಾರೆ ಕಳೆದುಕೊಂಡೆನಲ್ಲ ಎಂದು ಗ್ರಂಥಪಾಲಕಿ ಪೇಚಾಡಿದಳು. ರಜೆಯ ದಿನ ಬಸ್ಸು ಹತ್ತಿ, ಅವರಿವರನ್ನು ವಿಚಾರಿಸುತ್ತ ಕಬ್ಬಿನ ಹೊಲದ ಬದಿಯ ಗುಡಿಸಲುಗಳನ್ನು ತಲುಪುವಾಗ ಹೊತ್ತು ಇಳಿದಿತ್ತು. ಗುಡಿಸಲುಗಳಲ್ಲಿ ಯಾರೂ ಇರಲಿಲ್ಲ. ಆಚೆ ಎತ್ತಿನ ಗಾಡಿಗಳ ನಡುವೆ ಮಂದಿ ಒತ್ತೊತ್ತಾಗಿ ಕೂತಿದ್ದರು. ದಿನವಿಡೀ ಕಬ್ಬು ಕಡಿದವರು, ಇನ್ನೂ ಕೈಕಾಲು ಕೂಡ ತೊಳೆದಿರಲಿಲ್ಲ. ಅವರ ನಡುವೆ ಆ ಹುಡುಗಿ ನಿಂತಿದ್ದಳು. ಕೈಯಲ್ಲಿ ಪುಸ್ತಕವಿಲ್ಲ, ಫೋನೂ ಇಲ್ಲ. ಗಂಟಲೆತ್ತಿ ಕತೆ ಹೇಳುತ್ತಿದ್ದಳು.

‘ಅವ್ರವ್ವ ಆಚಿ ದಂಡ್ಯಾಗ ಕಬ್ಬು ಕಡಿಯಾಕತ್ತಿದ್ಲು. ಮಕ್ಕಳ ದನಿ ಕೇಳಿ ಕತ್ತಿ ಒಗದು ಓಡಿ ಬಂದ್ಲು. ಹಗ್ಗ ಇರ್ಲಿಲ್ಲ. ಗಂಡಸ್ರೆಲ್ಲಾ ತಮ್ಮ ರುಮಾಲ ಬಿಚ್ಚಿ ಕೊಟ್ರು. ಅವ್ವ ಒಂದಕ್ಕೊಂದು ಗಂಟು ಹಾಕ್ಕೋತ, ಹಾಕ್ಕೋತ, ನೀರಿಗೆ ಬಿಟ್ಲು...’

ಹುಡುಗಿಯ ತಾಯಿ ಎದುರಿಗೇ ಕೂತಿದ್ದಳು. ಕಡಿದು ಬಂದ ಕತ್ತಿ ಇನ್ನೂ ತೊಡೆಯ ಮೇಲಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಎಚ್ಚರವೂ ಅವಳಿಗಿರಲಿಲ್ಲ. ಪಕ್ಕದ ಮುದುಕ ತನಗೇ ಗೊತ್ತಿಲ್ಲದೆ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

ಇದು ಗ್ರಂಥಪಾಲಕಿ ಓದಿದ್ದ ಪುಸ್ತಕದಲ್ಲಿ ಇರಲಿಲ್ಲ. ಯಾವ ಪುಸ್ತಕದಲ್ಲೂ ಇರಲಿಲ್ಲ. ಹೆಸರು ಹೇಳಲು ನಾಚುತ್ತಿದ್ದ ಹುಡುಗಿಯೊಳಗೆ ಇಷ್ಟು ದೊಡ್ಡ ಹೊಳೆ ಎಲ್ಲಿತ್ತು ಎಂದು ಅವಳು ಬೆರಗಾದಳು. ಮೆಲ್ಲಗೆ ಮುದುಕನ ಬಳಿ ಬಗ್ಗಿ, ತಾನು ಇಂಥವಳೆಂದು ಹೇಳಿ, ಗ್ರೂಪು ಯಾಕೆ ಬಿಟ್ಟಿರಿ ಎಂದಳು.

ಮುದುಕ ಹುಡುಗಿಯ ಮೇಲಿನ ಕಣ್ಣು ಕೀಳಲಿಲ್ಲ. ‘ಕೇಳ್ರಿ ಅಂತ ಬರದಿದ್ರಿ, ಕೇಳಿದ್ವಿ. ನೀವು ಬಾಯಿ ಬಂದ್ ಮಾಡಿದ್ರಿ. ಅದಕ್ಕ ಈ ಕೂಸಿಗೆ ಕೇಳಾಕತ್ತೀವಿ. ಸುಮ್ಕ ಕೂಡ್ರಿ ಅಕ್ಕಾರ, ಹುಡುಗ್ರು ಇನ್ನೂ ದಂಡಿ ಮುಟ್ಟಿಲ್ಲ.’

ಗ್ರಂಥಪಾಲಕಿ ಆ ಧೂಳಿನಲ್ಲೇ ಎಲ್ಲರ ಹಿಂದೆ ಕೂತಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ನಿಜಗುಣನಿಗೆ ತಡೆಯಲಾಗಲಿಲ್ಲ. “ಹುಡುಗಿ ಶಾಲೆಗೆ ಬಂದಳೇ, ಅಜ್ಜಾರೇ?”

“ಬಂದಳು. ಅವಳು ಬರುವ ಮೊದಲೇ ಅವಳ ದನಿ ಬಂದಿತ್ತು. ಗ್ರಂಥಪಾಲಕಿ ಅಲ್ಲಿ ಕೂತೇ ಗ್ರೂಪಿನ ಬಾಯಿ ಬಿಚ್ಚಿ, ಹುಡುಗಿಯ ನಂಬರನ್ನು ಮತ್ತೆ ಸೇರಿಸಿದಳು. ಕಬ್ಬು ಮುಗಿಯುವವರೆಗೆ ಹುಡುಗಿ ಹೊಲದಿಂದ ಕತೆ ಕಳಿಸುತ್ತಿದ್ದಳು, ಶಾಲೆಯ ಮಕ್ಕಳು ಗ್ರಂಥಾಲಯದಲ್ಲಿ ಉಸಿರು ಹಿಡಿದು ಕೂತಿರುತ್ತಿದ್ದರು. ಮುಖ್ಯೋಪಾಧ್ಯಾಯರೂ ಬಾಗಿಲಲ್ಲಿ ನಿಂತು ಕೇಳಿದರಂತೆ. ಹೆಸರು ತೆಗೆಯುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.”

“ಎಂಥ ಕತೆ!” ನಿಜಗುಣನ ಕಣ್ಣುಗಳು ಅರಳಿದ್ದವು. “ಆ ಹುಡುಗಿಯ ಕತೆಗಳು ಪುಸ್ತಕವಾಗಿ ಬಂದಿವೆಯೇ? ಎಲ್ಲಿ ಸಿಗುತ್ತವೆ ಹೇಳಿ, ನಮ್ಮ ಗ್ರಂಥಾಲಯಕ್ಕೆ ತರಿಸುತ್ತೇನೆ.”

ಗುರುಗಳು ಎದ್ದು ನಿಂತು ಅವನ ಹೆಗಲ ಮೇಲೆ ಕೈಯಿಟ್ಟರು.

“ಅಂಥವು ನಿನ್ನ ಗ್ರೂಪಿನಲ್ಲೇ ಬೇಕಾದಷ್ಟಿವೆಯಪ್ಪ, ಬೀಗ ಹಾಕಿ ಬಂದವನು ನೀನೇ.”