ತಿಂದ ಉಪ್ಪು

ಕಡಲ ದಂಡೆಯಲ್ಲಿ ಒಂದು ಸೀಮೆ ಇತ್ತಂತೆ, ಮಕ್ಕಳೇ. ಅಲ್ಲಿಗೆ ಹಡಗಿನಲ್ಲಿ ಒಬ್ಬ ಟೊಪ್ಪಿ ದೊರೆ ಬಂದ. ಮೆಣಸು ಕೊಳ್ಳಲು ಬಂದವನು ಕೋಟೆ ಕಟ್ಟಿ ಕೂತೇಬಿಟ್ಟ. ನೆಂಟರಲ್ಲೂ ಇಂಥವರಿದ್ದಾರೆ, ಬಿಡಿ.

ಕೋಟೆ ಕಾಯಲು ಊರ ಹುಡುಗರನ್ನೇ ಸಿಪಾಯಿಗಳಾಗಿ ಇಟ್ಟುಕೊಂಡ. ಅವರ ಹವಾಲ್ದಾರನ ಹೆಸರು ಗಿಡ್ಡಪ್ಪ. ತಲೆ ಬಗ್ಗಿಸದೆ ಯಾವ ಬಾಗಿಲನ್ನೂ ದಾಟಿದವನಲ್ಲ.

"ರೈತರ ಅಕ್ಕಿ ಹೊತ್ತು ತನ್ನಿ" ಅಂದ ದೊರೆ. ಸಿಪಾಯಿಗಳು ತಲೆ ಕೆರೆದುಕೊಂಡರು. "ನನ್ನ ಉಪ್ಪು ತಿಂದಿದ್ದೀರಿ" ಅಂದ. ಹೋಗಿ ತಂದರು.

"ನೇಕಾರರ ಮಗ್ಗ ಮುರಿಯಿರಿ" ಅಂದ. ಮತ್ತೆ ತಲೆ ಕೆರೆದುಕೊಂಡರು. "ನನ್ನ ಉಪ್ಪು ತಿಂದಿದ್ದೀರಿ." ಹೋಗಿ ಮುರಿದರು.

"ಉಪ್ಪು ಬೆಳೆಯುವ ಆಗರದ ಕಟ್ಟೆ ಒಡೆಯಿರಿ. ಇನ್ನು ಎಲ್ಲರೂ ನನ್ನ ಹಡಗಿನ ಉಪ್ಪನ್ನೇ ಕೊಳ್ಳಲಿ" ಅಂದ. ಸಿಪಾಯಿಗಳು ಗುದ್ದಲಿ ಹೊತ್ತು ಹೊರಟರು.

ಆಗರದಲ್ಲಿ ಮಾದೇವಿಯಜ್ಜಿ ಉಪ್ಪು ಗುಡ್ಡೆ ಹಾಕುತ್ತಿದ್ದಳು. "ಬಿಸಿಲಲ್ಲಿ ಬಂದಿದ್ದೀರಿ. ಮೊದಲು ಗಂಜಿ ಕುಡೀರಿ, ಆಮೇಲೆ ಒಡೀರಿ" ಅಂದಳು.

ಗಿಡ್ಡಪ್ಪ ಕುಡಿದು ಬಾಯಿ ಚಪ್ಪರಿಸಿದ. "ಅಜ್ಜೀ, ಈ ಉಪ್ಪು ಥೇಟ್ ಕೋಟೆಯ ಉಪ್ಪಿನ ಹಾಗೇ ಇದೆ."

"ಕೋಟೆಗೆ ಹೋಗೋದೇ ಇಲ್ಲಿಂದ ಕಣೋ ದಡ್ಡಾ. ನಿಮ್ಮ ದೊರೆ ಯಾವತ್ತು ಈ ನೀರಿಗೆ ಕಾಲಿಟ್ಟಿದ್ದ?"

ಸಿಪಾಯಿಗಳು ಗುದ್ದಲಿಗಳನ್ನು ಮತ್ತೆ ಹೆಗಲಿಗೇರಿಸಿದರು. ಕಟ್ಟೆ ಒಡೆಯದೆ ದೊರೆಯ ಬಳಿಗೆ ಹಿಂತಿರುಗಿದರು. "ಇನ್ನು ನಿನ್ನ ಮಾತು ಕೇಳೋದಿಲ್ಲ" ಅಂದರು.

ಕೋವಿ ಇದ್ದದ್ದು ಅವರ ಕೈಯಲ್ಲಿ. ಆದರೆ ಋಣ ಅಂದರೆ ನಡುಗುವ ಜನ ಇವರು ಅಂತ ದೊರೆಗೆ ಗೊತ್ತಿತ್ತು. "ಆಗಲಿ. ಇಷ್ಟು ವರ್ಷ ತಿಂದ ಉಪ್ಪನ್ನೆಲ್ಲ ನಾಳೆ ಸಂಜೆಯೊಳಗೆ ಕೋಟೆ ಬಾಗಿಲಿಗೆ ತಂದು ಸುರಿಯಿರಿ. ತಪ್ಪಿದರೆ ಗಿಡ್ಡಪ್ಪನಿಗೆ ನೇಣು, ಉಳಿದವರು ಚಾಕರಿಗೆ" ಅಂದ. ಪೆದ್ದರು, ಒಪ್ಪಿಕೊಂಡರು.

ಗಿಡ್ಡಪ್ಪ ಜೋಳಿಗೆ ಹಿಡಿದು ಮನೆಮನೆಗೆ ಹೊರಟ. ಮೊದಲು ಸಿಕ್ಕವನು ರೈತ ಬೀರಗೌಡ.

"ನನ್ನ ಅಕ್ಕಿ ಹೊತ್ಕೊಂಡು ಹೋದವನು ನೀನೇ ಅಲ್ವೇನೋ?"

"ಹೂಂ ಮಾವ."

"ಅಕ್ಕಿ ಜಗಳ ಆಮೇಲೆ ಆಡೋಣ. ಈಗ ಉಪ್ಪು ಹಿಡಿ."

ನೇಕಾರರ ಸಿಂಗಾರಮ್ಮ ಮಗ್ಗ ಕಟ್ಟಿಕೊಡುವುದಾಗಿ ಆಣೆ ಹಾಕಿಸಿಕೊಂಡೇ ಒಂದು ಮುಷ್ಟಿ ಕೊಟ್ಟಳು. ಮಾದೇವಿಯಜ್ಜಿಯಂತೂ ಕೇರಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬುಟ್ಟಿ ಹೊತ್ತು ತಾನೇ ನಡೆದಳು. ಸಿಪಾಯಿಗಳ ಜಗಳ ಈಗ ಸೀಮೆಯ ಜಗಳವಾಯಿತು.

ಉಪ್ಪು ಬಿದ್ದಿತು, ಬಿದ್ದಿತು, ಕೋಟೆಯ ಬಾಗಿಲೇ ಮುಚ್ಚಿಹೋಯಿತು. ಒಳಗಿಂದ ದೊರೆ ನೂಕಿದ, ಒದ್ದ, ಕೊನೆಗೆ ಕೂಗಿದ: "ಸಾಕು, ಋಣ ತೀರಿತು."

"ಎಲ್ಲಿ ಸಾಕು? ಮೇಲಿನ ಕೇರಿಯದು ಇನ್ನೂ ಬರಬೇಕು" ಅಂದಳು ಅಜ್ಜಿ.

ದೊರೆ ಹಿಂದಿನ ಕಿಟಕಿಯಿಂದ ಕಡಲಿಗೆ ಜಿಗಿದು, ಈಜಿ, ಹಡಗು ಹತ್ತಿದ. ಟೊಪ್ಪಿ ಮಾತ್ರ ಇಲ್ಲೇ ಉಳಿಯಿತು. ಅದರಲ್ಲಿ ಅಜ್ಜಿಯ ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂತಿತು.

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕು ಮಕ್ಕಳೇ, ನಿಜ. ಆದರೆ ಉಪ್ಪಿಟ್ಟವರು ಯಾರು ಅಂತ ಮೊದಲು ತಿಳಿದಿರಬೇಕು.