ಕೋರ್ಟಲ್ಲಿ ಅತ್ತೇನ ಕೇಳಿದೋಳು

"ಬುದ್ಧಿ, ಮನೆ ಸಂಬಂಧ ಕಡ್ಕೊಂಡು ಬಂದಾಯ್ತು. ಆದ್ರೂ ಯಾಕೆ ಹಿಂದಕ್ಕೆ ಎಳೀತದೆ?"

ಶಿವನಂಜ ಹಿಂಗೆ ಕೇಳ್ದ. ಅತ್ತಿಗೆ ಕೈ ಅನ್ನ ತಿಂದು ಬೆಳೆದೋನು, ಅಣ್ಣನ ಜೊತೆ ಜಗಳ ಆಡಿ ಬಂದು ಮಠ ಸೇರಿದ್ದ. ದೀಕ್ಷೆ ಕೊಡಿ ಅಂತ ಸ್ವಾಮಿಗಳ ಬೆನ್ನು ಬಿದ್ದಿದ್ದ.

ಸ್ವಾಮಿಗಳು ಅವನನ್ನ ಮೇಲಿಂದ ಕೆಳಗೆ ನೋಡಿದ್ರು. "ಕಾವಿ ಬಟ್ಟೆ ಆಗ್ಲೇ ಹೊಲಿಯಕ್ಕೆ ಹಾಕಿಬಿಟ್ಟೇನೋ?"

"ಇಲ್ಲ ಬುದ್ಧಿ."

"ಒಳ್ಳೇದಾಯ್ತು, ಬಟ್ಟೆ ಉಳೀತು. ಕೂತ್ಕೋ. ಉಪದೇಶ ನಂಗೆ ಬರಲ್ಲ. ಕತೆ ಬರುತ್ತೆ."

ಒಬ್ಬ ವಕೀಲೆ ಇದ್ಲು. ಗಂಡ ಹೆಂಡ್ತಿ ಬೇರೆ ಆಗೋ ಕೇಸು ನಡೆಸೋದೇ ಅವಳ ಕಸುಬು. ಮೊದಲನೇ ಕೇಸು ಅವಳದ್ದೇ. ಗಂಡನ್ನ ಬಿಟ್ಟಳು, ಕೋರ್ಟಿನ ಎದುರುಗಡೆ ಜೆರಾಕ್ಸ್ ಅಂಗಡೀಲಿ ಒಂದು ಮೇಜು ಹಾಕ್ಕೊಂಡ್ಳು. ದೊಡ್ಡ ದೊಡ್ಡ ವಕೀಲರೆಲ್ಲ ಜೂನಿಯರ್‌ಗಳಿಗೆ ಕಾಫಿ ಕುಡಿಸಿ, ಬೆನ್ನು ತಟ್ಟಿ ಕಳಿಸೋ ಕಾಲ ಅದು. ಇವಳು ತನ್ನ ಹತ್ರ ಬಂದ ಹುಡುಗೀರಿಗೆ ಮೊದಲ ತಿಂಗಳಿಂದಲೇ ಸಂಬಳ ಕೊಟ್ಳು. ಹುಡುಗೀರು ಬಂದ್ರು. ಮೇಜು ಹೋಗಿ ಆಫೀಸಾಯ್ತು. ಒಂದು ಆಫೀಸು ಹೋಗಿ ಊರೂರಲ್ಲೂ ಆಫೀಸಾಯ್ತು. ಆಮೇಲೆ ಆ ದೊಡ್ಡ ವಕೀಲರೇ ತಮ್ಮ ಮಗಳಿಗೆ ಕೆಲಸ ಕೇಳ್ಕೊಂಡು ಬಂದ್ರು. ಬಂದೋರಿಗೆ ಕಾಫಿ ಕುಡಿಸಿ ಕಳಿಸಿದ್ಲು.

ಅವಳದ್ದೊಂದು ಪದ್ಧತಿ ಇತ್ತು. ಬಂದ ಹೆಣ್ಣುಮಕ್ಕಳಿಗೆಲ್ಲ ಒಂದೇ ಮಾತು ಕೇಳೋಳು. "ಆ ಮನೆಯಿಂದ ನಿಂಗೇನು ಬೇಕು? ಈಗ್ಲೇ ಹೇಳು, ಕೊಡಿಸ್ತೀನಿ. ಆದೇಶ ಆದ್ಮೇಲೆ ಮಾತ್ರ ಆ ಬೀದಿ ಕಡೆ ತಲೆ ಹಾಕಬೇಡ." ಒಬ್ಬಳು ಒಡವೆ ಕೇಳಿದ್ರೆ ಇನ್ನೊಬ್ಬಳು ಮಗೂನ ಕೇಳೋಳು. ಕೇಳಿದ್ದನ್ನ ಕೊಡಿಸೋಳು. ಅವಳ ಕೈಲಿ ಮುಗಿದ ಕೇಸು ತಿರುಗಿ ಬಂದದ್ದಿಲ್ಲ ಅಂತ ಹೆಸರಾಯ್ತು.

ಒಂದು ದಿನ ಟೈಲರ್ ಹೆಂಗಸೊಬ್ಬಳು ಬಂದ್ಲು. ಗಂಡ ಹೊಡೀತಾನೆ, ಬಿಡುಗಡೆ ಬೇಕು ಅಂದ್ಲು. ವಕೀಲೆ ತನ್ನ ಮಾತು ಕೇಳಿದ್ಲು.

"ನಂಗೆ ನಮ್ಮತ್ತೆ ಬೇಕು ಮೇಡಂ."

ಹುಡುಗೀರೆಲ್ಲ ಕಿಸಕ್ಕಂತ ನಕ್ಕರು. "ಅಲ್ಲಮ್ಮ, ಎಲ್ರೂ ಅತ್ತೆ ಕಾಟ ತಪ್ಪಿಸಿ ಅಂತ ಬರ್ತಾರೆ. ನೀನು ಅತ್ತೇನೇ ಪಾರ್ಸೆಲ್ ಕೇಳ್ತೀಯಲ್ಲ!" ಅಂದ್ಲು ಒಬ್ಬಳು.

"ನಗಬೇಡ ಕಣವ್ವ. ಅವನು ಹೊಡೀವಾಗ ಅಡ್ಡ ಬಂದು ಏಟು ತಿಂದೋಳು ಅವಳು. ಭಾನುವಾರ ಒಂದು ಗಂಟೆ ನೋಡಕ್ಕೆ ಬಿಟ್ರೆ ಸಾಕು. ಅಪ್ಪಂದಿರಿಗೆ ಮಕ್ಕಳನ್ನ ತೋರಿಸಲ್ವಾ, ಹಂಗೇ."

ವಕೀಲೆ ನಗಲಿಲ್ಲ. "ಕಾನೂನಲ್ಲಿ ಅಂಥದ್ದಿಲ್ಲಮ್ಮ. ಬಿಡುಗಡೆ ಆದ್ಮೇಲೆ ಅವರು ನಿಂಗೆ ಏನೂ ಆಗಬೇಕಿಲ್ಲ" ಅಂದ್ಲು. ಅಂದ್ಬಿಟ್ಟು ಆ ದಿನ ಊಟ ಮಾಡಲಿಲ್ಲ.

ಯಾಕೆ ಅಂದ್ರೆ, ಅವಳಿಗೂ ಒಬ್ಬಳು ಅತ್ತೆ ಇದ್ಲು. ಸೊಸೆ ಓದೋದು ಮಗನಿಗೆ ಆಗ್ತಿರಲಿಲ್ಲ. ಅತ್ತೇನೇ ಅವಳನ್ನ ಸಂಜೆ ಲಾ ಕಾಲೇಜಿಗೆ ಕಳಿಸೋಳು. ಎಲ್ಲಿ ಅವಳು ಅಂತ ಮಗ ಕೇಳಿದ್ರೆ, ಭಜನೆಗೆ ಹೋಗವಳೆ ಅಂತ ಸುಳ್ಳು ಹೇಳೋಳು. ಈ ಹುಡುಗಿಗೆ ದೇವರ ಮೇಲೆ ಏನು ಭಕ್ತಿ ಅಂತ ಬೀದಿಯೋರೆಲ್ಲ ಹೊಗಳ್ತಿದ್ರು. ಗಂಡನ್ನ ಬಿಟ್ಟ ದಿನ ಅತ್ತೆ ಮುಖ ನೋಡಿದ್ರೆ ಕಾಲು ಏಳಲ್ಲ ಅಂತ, ನೋಡದೇನೇ ಬಂದುಬಿಟ್ಟಿದ್ಲು. ಅವತ್ತಿಂದ ಅದೇ ಊರಲ್ಲಿದ್ರೂ ಆ ಬೀದಿಗೆ ಹೋದೋಳಲ್ಲ. ಸಂಜೆ ಆದ್ರೆ ಮಾತ್ರ ಮನಸ್ಸು ಅಲ್ಲಿಗೇ ಹೋಗಿ ಕೂತಿರೋದು.

ಅದೇ ವಾರ ಫೋನ್ ಬಂತು. ಉದ್ಯಮ ಕಟ್ಟಿದ್ದಕ್ಕೆ, ಅಷ್ಟು ಹೆಣ್ಣುಮಕ್ಕಳನ್ನ ಮುಂದೆ ತಂದದ್ದಕ್ಕೆ ಅವಳಿಗೆ ದೊಡ್ಡ ಸನ್ಮಾನ ಅಂತೆ. "ಮುಂದಿನ ಸಾಲಲ್ಲಿ ನಿಮ್ಮ ಮನೆಯೋರಿಗೆ ಕುರ್ಚಿ ಇಟ್ಟಿದೀವಿ ಮೇಡಂ. ಯಾರು ಬರ್ತಾರೆ?"

ಹೆತ್ತೋರು ಯಾವತ್ತೋ ಹೋಗಿದ್ರು. ಅವಳಿಗೆ ನೆನಪಾದದ್ದು ಒಂದೇ ಮುಖ.

ಕಾರನ್ನ ದೂರ ನಿಲ್ಲಿಸಿ ನಡಕೊಂಡು ಹೋದ್ಲು. ಬಾಗಿಲು ತೆಗೆದದ್ದು ಆ ಮನೆಯ ಈಗಿನ ಸೊಸೆ.

"ಅಮ್ಮ ಇದಾರಾ?"

"ಇದಾರೆ. ನೀವು ಅವರಿಗೆ ಏನಾಗಬೇಕು?"

ಯಾವ ಜಡ್ಜ್ ಮುಂದೇನೂ ತಡವರಿಸದ ಹೆಂಗಸು ಹೊಸಲ ಆಚೆ ಸೆರಗು ಸರಿ ಮಾಡ್ಕೊಂಡು ನಿಂತ್ಲು.

ಒಳಗಿಂದ ದನಿ ಬಂತು. "ಒಳಕ್ಕೆ ಬಿಡೇ ಅವಳನ್ನ. ಭಜನೆ ಮುಗಿಸ್ಕೊಂಡು ಬಂದವಳೆ."

ಅತ್ತೆ ಪಕ್ಕದಲ್ಲೇ ಕೂರಿಸ್ಕೊಂಡ್ಳು. ಕೈ ಹಿಡ್ಕೊಂಡ್ಳು. ವಕೀಲೆ ಸನ್ಮಾನದ ವಿಷಯ ಹೇಳಿ, "ಮುಂದಿನ ಸಾಲಲ್ಲಿ ನೀವೇ ಕೂರಬೇಕು ಅತ್ತೆ" ಅಂದ್ಲು.

"ಈ ಮನೆಯಿಂದ ಏನೂ ಬೇಡ, ಒಂದು ಚಮಚಾನೂ ಬೇಡ ಅಂತ ಕೋರ್ಟಲ್ಲಿ ಹೇಳಿದ್ಯಂತೆ?"

"ಹೌದು ಅತ್ತೆ. ಆಗ ಸ್ವಾಭಿಮಾನ."

"ಇರಲಿ, ಇರಬೇಕು. ಆದ್ರೆ ನಾನೂ ಈ ಮನೇಲೇ ಇದ್ನಲ್ಲೇ."

ವಕೀಲೆ ಅತ್ತೆ ಕೈಮೇಲೆ ಮುಖ ಇಟ್ಕೊಂಡ್ಳು. ಅತ್ತೆ ಅವಳ ತಲೆ ಸವರಿ, ಅಡುಗೆ ಮನೇಲಿದ್ದ ಸೊಸೆ ಕಡೆ ಕಣ್ಣಲ್ಲೇ ತೋರಿಸಿದ್ಲು. "ನಾನು ಬರಲ್ಲ ಮಗಾ. ದಿನಾ ನಂಗೆ ಅನ್ನ ಬಡಿಸೋದು ಅವಳು. ಒಳ್ಳೇ ಹುಡುಗಿ. ನಿನ್ನ ಮನೆಯೋಳು ಅಂತ ಹೇಳ್ಕೊಂಡು ಆ ಕುರ್ಚೀಲಿ ಕೂತು ಬಂದ್ರೆ, ಅವಳ ಮುಖ ಹೆಂಗೆ ನೋಡ್ಲಿ?"

ಮಾರನೇ ದಿನ ವಕೀಲೆ ಟೈಲರ್ ಹೆಂಗಸಿಗೆ ತಾನೇ ಫೋನ್ ಮಾಡಿ ಕರೆಸಿದ್ಲು. ಕಾನೂನಲ್ಲಿ ಇಲ್ದೇ ಇದ್ರೂ ಎರಡು ಕಡೆಯೋರೂ ಒಪ್ಪಿದ್ರೆ ಒಪ್ಪಂದಕ್ಕೆ ಸೇರಿಸಬಹುದು. ಸೊಸೆ ಭಾನುವಾರ ಅತ್ತೇನ ನೋಡಬಹುದು, ಯಾರೂ ಅಡ್ಡಿ ಮಾಡಬಾರದು ಅಂತ ಬರೆಸಿದ್ಲು. ಎದುರು ವಕೀಲ ಗೊಳ್ಳಂತ ನಕ್ಕ. ಟೈಲರ್ ಹೆಂಗಸಿನ ಗಂಡ ಗುರುಗುಟ್ಟಿದ. ಜಡ್ಜ್ ಎರಡು ಸಲ ಓದಿ ಅವನ ಮುದಿ ಅವ್ವನ್ನ ಕರೆಸಿ, ನಿಮ್ಮ ಒಪ್ಪಿಗೆ ಇದೆಯಾ ತಾಯಿ ಅಂದ್ರು.

"ನಾನೇ ಕೇಳೋಣ ಅಂತಿದ್ದೆ ಸ್ವಾಮಿ. ಸೊಸೇನ ಕೇಳಿದ್ರೆ ಮರುಳು ಮುದುಕಿ ಅಂತೀರೇನೋ ಅಂತ ಸುಮ್ನಿದ್ದೆ" ಅಂದ್ಲು ಮುದುಕಿ. ಕಟಕಟೇಲಿ ನಿಂತ ಅವ್ವನ ಮುಂದೆ ಮಗನಿಗೆ ಬೇಡ ಅನ್ನಕ್ಕೆ ಬಾಯಿ ಬರಲಿಲ್ಲ. ಸಹಿ ಹಾಕ್ದ.

ಸನ್ಮಾನದ ದಿನ ಸಭೆ ತುಂಬಿತ್ತು. ಶಾಲು ಹೊದಿಸಿದ್ರು, ಹಾರ ಹಾಕಿದ್ರು, ಧೀರೆ ಅಂದ್ರು. ಹುಡುಗೀರು ಸಿಳ್ಳೆ ಹೊಡೆದ್ರು. ಮುಂದಿನ ಸಾಲಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಯಾರೋ ಬಂದು ಕೂರಕ್ಕೆ ಹೋದ್ರೆ, ವೇದಿಕೆ ಮೇಲಿಂದಲೇ ಬೇಡ ಅಂತ ಕೈ ಮಾಡಿದ್ಲು.

ಸ್ವಾಮಿಗಳು ಅಲ್ಲಿಗೆ ಕತೆ ನಿಲ್ಲಿಸಿದ್ರು.

ಶಿವನಂಜ ಕೇಳ್ದ. "ಪಾಪ ಬುದ್ಧಿ. ಕೊನೇಗೂ ಅವಳ ಹಂಬಲ ತೀರಲೇ ಇಲ್ವಾ?"

"ಅವಳದ್ದು ಇರಲಿ ಬಿಡಪ್ಪ; ಜಗಳ ಆಡಿದ್ದು ಅಣ್ಣನ ಜೊತೆ, ಹೊರಡುವಾಗ ಅತ್ತಿಗೆಗೆ ಹೇಳಿ ಬಂದ್ಯಾ?"